ಗಂಟೆ ನೀರು

ನನಗೆ ಕಾಯುವುದೆಂದರೆ ಆಗದು. ಕುಕ್ಕರು ಸೀಟಿ ಹಾಕುವ ಮೊದಲೇ ಅದರ ತಲೆಯ ಮೇಲಿನ ಗುಂಡನ್ನು ಚಮಚದಿಂದ ಎತ್ತಿ, ಉಸ್ಸೆಂದು ಹಬೆ ಬಿಟ್ಟು, ಬೇಯದ ಬೇಳೆಯ ಸಾರು ಮಾಡಿ ಗಂಡನಿಂದ ಬೈಸಿಕೊಂಡವಳು ನಾನು. ಪತ್ತಿಕೊಂಡದ ಬಸ್ಸು ಸ್ವಲ್ಪ ತಡವಾಯಿತೆಂದು ಸಿಟ್ಟಿನಿಂದ ಷೇರ್ ಆಟೋ ಹತ್ತುತ್ತೇನೆ. ಆಟೋ ತುಂಬುವ ಹೊತ್ತಿಗೆ ಆ ಬಸ್ಸು ನನ್ನ ಪಕ್ಕದಲ್ಲೇ ಹಾರನ್ ಹೊಡೆದುಕೊಂಡು ಹೋಗುತ್ತದೆ. ಇಂಥವಳು, ಕಾಯುವುದನ್ನೇ ಒಂದು ಪೂಜೆಯಂತೆ ಮಾಡುತ್ತಿದ್ದ ಮನೆಯಲ್ಲಿ ಬೆಳೆದೆ ಎಂದರೆ ಯಾರೂ ನಂಬುವುದಿಲ್ಲ. “ದೇವರ ಹೊತ್ತು ಅಂತ ಒಂದೈತಿ” ಎನ್ನುವುದು ನಮ್ಮಜ್ಜಿಯ ಮಾತು. ಹಾಲು ಹೆಪ್ಪಾಗದಿದ್ದರೂ ಅದೇ ಮಾತು, ಅಪ್ಪನಿಗೆ ಬಡ್ತಿ ಬಾರದಿದ್ದರೂ ಅದೇ ಮಾತು. ಅದು ನಿಜವೋ, ಬರೀ ಸಮಾಧಾನವೋ, ಈ ವಯಸ್ಸಿನಲ್ಲೂ ನನಗೆ ಬಗೆಹರಿದಿಲ್ಲ. ನನ್ನ ತಮ್ಮನಿಗೆ ಮಾತು ಬಾರದೆ ಮನೆಯೆಲ್ಲ ಕಾದು ಕೂತ ಆ ವರ್ಷದಲ್ಲಿ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ತಿಳಿದವರು ಯಾರಾದರೂ ಇದ್ದರೆ ನನಗೂ ತಿಳಿಸಲಿ.

ನಮ್ಮ ಮನೆ ಆದೋನಿಯಲ್ಲಿ, ಹತ್ತಿ ಬಿಡಿಸುವ ಜಿನ್ನುಗಳ ಹಿಂದಿನ ಓಣಿಯಲ್ಲಿತ್ತು. ಸುಗ್ಗಿಯ ದಿನಗಳಲ್ಲಿ ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಮೊಸರಿನ ಮೇಲೆ, ಒಣಹಾಕಿದ ಸೀರೆಯ ಮೇಲೆ, ಅಜ್ಜಿಯ ಹುಬ್ಬಿನ ಮೇಲೆ ಕೂರುತ್ತಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ಬೆಳಕು ಕಾಣದ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಬೇವಿನ ಮರದ ಹಿತ್ತಿಲು. ನೆಲಕ್ಕೆಲ್ಲ ಕಪ್ಪು ಬಂಡೆ. ಬೇಸಿಗೆಯಲ್ಲಿ ಬರಿ ಹೊಟ್ಟೆ ಹಚ್ಚಿ ಮಲಗಿದರೆ ಸ್ವರ್ಗ, ಆದರೆ ಬಂಡೆಗಳ ಸಂದಿಯಲ್ಲಿ ಚೇಳು. ಪಡಸಾಲೆ ಅಜ್ಜಿಯದು, ಅಲ್ಲಿ ಕನ್ನಡ. ಅಡುಗೆಮನೆ ಅಮ್ಮನದು. ಅಮ್ಮ ಪತ್ತಿಕೊಂಡದ ಕಡೆಯವಳು, ತೆಲುಗು ಮನೆಯ ಮಗಳು. ಒಲೆಯ ಜೊತೆಗೆ, ಬೆಕ್ಕಿನ ಜೊತೆಗೆ, ನಮ್ಮ ಜೊತೆಗೆ ಅವಳದು ತೆಲುಗು. ನಡುಮನೆಯಲ್ಲಿ ಎರಡೂ ಕಲಸಿಹೋಗುತ್ತಿದ್ದವು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾಯಿಗೆ ಕನ್ನಡದಲ್ಲಿ “ಹೂಂ” ಅಂದು, ಹೆಂಡತಿಗೆ ತೆಲುಗಿನಲ್ಲಿ “ಸರೇ” ಅಂದು, ಇಬ್ಬರ ಕೈಯಿಂದಲೂ ತಪ್ಪಿಸಿಕೊಂಡು ಡಿಪೋಕ್ಕೆ ಓಡುವ ಜಾಣ. ನನಗಂತೂ ಬಚ್ಚಲಿನ ತೆಲುಗೇ ಇಷ್ಟ. ಅಮ್ಮ ನಮಗೆ ಎರೆಯುವಾಗ ನರಿಯ ಕತೆ ಹೇಳುತ್ತಿದ್ದಳು. ನರಿ ಬಾವಿಗೆ ಬೀಳುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ತಂಬಿಗೆ ನೀರು ಸುರಿಯುತ್ತಿದ್ದಳು. ಗೊತ್ತಿದ್ದೂ ನಾವು ಪ್ರತಿಸಲ ಕಿರುಚುತ್ತಿದ್ದೆವು.

ನಾವು ಎಂದೆ, ಆದರೆ ಕಿರುಚುತ್ತಿದ್ದುದರಲ್ಲಿ ಮಾತು ಇದ್ದದ್ದು ನನ್ನದೊಂದೇ. ನನ್ನ ತಮ್ಮ ಈರ ನಾಲ್ಕನೆಯ ವರ್ಷಕ್ಕೆ ಬಿದ್ದಿದ್ದರೂ ಒಂದು ಮಾತು ಆಡಿರಲಿಲ್ಲ. ಕಿವಿ ಕೇಳುತ್ತಿತ್ತು. ಹಿಂದಿನಿಂದ ತಟ್ಟೆ ಬಿದ್ದರೆ ಬೆಚ್ಚಿ ತಿರುಗುತ್ತಿದ್ದ, ಶನಿವಾರ ಉಗ್ಗಾಣಿಗೆ ಮಂಡಕ್ಕಿ ನೆನೆಹಾಕಿದ ಸಪ್ಪಳಕ್ಕೇ ಅಡುಗೆಮನೆಗೆ ಬರುತ್ತಿದ್ದ. ನಗುತ್ತಿದ್ದ, ಅಳುತ್ತಿದ್ದ, ಬೇಕಾದ್ದರ ಕಡೆಗೆ ನಮ್ಮ ಬೆರಳು ಹಿಡಿದು ಎಳೆಯುತ್ತಿದ್ದ. ಮಾತು ಮಾತ್ರ ಇಲ್ಲ. ಅಮ್ಮನಿಗೆ ಉಳಿದದ್ದೆಲ್ಲ ಹೇಗಾದರೂ ನಡೆಯುತ್ತಿತ್ತು; ಅವನು ಅವಳನ್ನು ಒಂದು ಸಲವೂ ಕರೆದಿರಲಿಲ್ಲ, ಅದೊಂದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಓಣಿಯಲ್ಲಿ ಯಾರದೋ ಮಗು “ಅಮ್ಮಾ” ಅಂದರೆ ಇವಳು ಕೈಯಲ್ಲಿದ್ದ ಹಿಟ್ಟಿನ ಸಮೇತ ಬಾಗಿಲಿಗೆ ಬಂದು, ಅದಲ್ಲವೆಂದು ಗೊತ್ತಾಗಿ, ಸುಮ್ಮನೆ ಬೀದಿ ನೋಡುವವಳಂತೆ ನಿಂತು ಒಳಗೆ ಹೋಗುತ್ತಿದ್ದಳು. ನಾನು ದಿನವಿಡೀ ಅಮ್ಮಾ ಅಮ್ಮಾ ಎನ್ನುತ್ತಿದ್ದೆನಲ್ಲ, ಅದು ಯಾಕೆ ಸಾಲದು ಎಂದು ನನಗೆ ಹೊಟ್ಟೆಯುರಿ.

ಇನ್ನು ಓಣಿಯ ಜನ. ಹಾಲಿನವಳು, ದರ್ಜಿ, ಉಪ್ಪಿನವನು, ನೀರಿಗೆ ಬಂದವರು, ಯಾರೇ ಸಿಕ್ಕರೂ ಈರನ ಎದುರು ಕುಕ್ಕರಗಾಲಲ್ಲಿ ಕೂತು, ಎರಡು ಬೆರಳಿನಿಂದ ಅವನ ಗದ್ದ ಎತ್ತಿ, ಮುಖದ ಹತ್ತಿರ ಮುಖ ತಂದು ಒಂದೇ ಮಾತು:

“ಮಾತಾಡೋ ನಮ್ಮಪ್ಪಾ. ಮಾತಾಡು. ಮಾತಾಡು.”

ಅವನು ಅವರ ಬಾಯಿಯನ್ನೇ ನೋಡುತ್ತಿದ್ದ. ಮುಗಿಯಿತೆಂದು ಗೊತ್ತಾದ ಮೇಲೆ ಗದ್ದ ಬಿಡಿಸಿಕೊಂಡು ಹೋಗುತ್ತಿದ್ದ. ಸಣ್ಣ ವಯಸ್ಸಿನ ಆ ಕೂಸಿಗೆ ಅದೆಷ್ಟು ತಾಳ್ಮೆ ಎಂದು ಈಗ ಅನ್ನಿಸುತ್ತದೆ. ನನ್ನ ಗದ್ದವನ್ನು ಯಾರಾದರೂ ಹಾಗೆ ಹಿಡಿದಿದ್ದರೆ ಬೆರಳು ಕಚ್ಚಿಬಿಡುತ್ತಿದ್ದೆ.

ಅಜ್ಜಿಗೆ ಇದಕ್ಕೊಂದು ದಾರಿ ಗೊತ್ತಿತ್ತು. ಓಣಿಯ ತುದಿಯಲ್ಲಿ ಹನುಮಪ್ಪನ ಗುಡಿ. ಮಾತು ತಡವಾದ ಮಕ್ಕಳಿಗೆ ಅಲ್ಲಿ ಶನಿವಾರ ಗಂಟೆ ನೀರು ಕುಡಿಸುತ್ತಿದ್ದರು. ಪೂಜಾರಿ ಆರತಿಯ ಕೈಗಂಟೆಯನ್ನು ತಲೆಕೆಳಗೆ ತಿರುವಿ ಬಟ್ಟಲಿನಂತೆ ಹಿಡಿದು, ಅದರೊಳಗೆ ನೀರು ತುಂಬಿ, ಗಂಟೆಯ ನಾಲಿಗೆ ಅದ್ದಿದ ಆ ನೀರನ್ನು ಮಗುವಿನ ಬಾಯಿಗೆ ಹಿಡಿಯುತ್ತಿದ್ದ. ಕುಡಿದ ಮೇಲೆ ಒಬ್ಬರು ಮಗುವಿನ ಗದ್ದ ಎತ್ತಿ “ಮಾತಾಡು” ಅನ್ನಬೇಕು. ಅದು ಅಲ್ಲಿಯ ಕ್ರಮ. ಅಜ್ಜಿ ತಪ್ಪದೆ ಹೋಗುತ್ತಿದ್ದಳು, ಒಂದು ಕೈಯಲ್ಲಿ ಈರ, ಇನ್ನೊಂದು ಕೈಯಲ್ಲಿ ಎಣ್ಣೆಯ ಗಿಂಡಿ, ಹಿಂದೆ ಹೂವಿನ ತಟ್ಟೆ ಹಿಡಿದ ನಾನು. ವಾರ ಹೋಯಿತು, ತಿಂಗಳು ಹೋಯಿತು. ಅಜ್ಜಿಗೆ ಬೇಸರವೇ ಇಲ್ಲ.

“ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು? ಮಾತೂ ಹಂಗ. ಹುಟ್ಟಿ ಬಂದಾನಂದ್ರ ಬರತಾವು. ತಡಿ.”

ಅಮ್ಮನ ಅಣ್ಣ, ನಮ್ಮ ಮಾವ, ಪತ್ತಿಕೊಂಡದಿಂದ ಬಂದಾಗ ಈ ತಡೆಯುವ ಮಾತು ಅವನಿಗೆ ಹಿಡಿಸಲಿಲ್ಲ. ಊಟಕ್ಕೆ ಕೂತವನು ರೊಟ್ಟಿಯ ಮೇಲೆ ಪುಂಡಿಪಲ್ಯ ಹಚ್ಚಿಕೊಳ್ಳುತ್ತಲೇ ಅಪ್ಪನನ್ನು ಹಿಡಿದ.

“ಪಿಲ್ಲೋನ್ನಿ ಡಾಕ್ಟರಿಕಿ ಸೂಪಿಂಚಾಲ ಬಾವಾ. ಇಂಕಾ ಎನ್ನಾಳ್ಳು ಸೂಸ್ತಾರು?”

ಇನ್ನೆಷ್ಟು ದಿನ ನೋಡುತ್ತೀರಿ, ಡಾಕ್ಟರಿಗೆ ತೋರಿಸಿ ಎಂದು. ಅಪ್ಪ ರೂಢಿಯಂತೆ ಒಂದು “ಸರೇ” ಅಂದು ತಪ್ಪಿಸಿಕೊಳ್ಳಲು ನೋಡಿದ. ಅಜ್ಜಿ ಪಡಸಾಲೆಯಿಂದಲೇ “ಉಗಾದಿ ಆಗಲಿ” ಅಂದಳು. ಅವತ್ತು ಅಮ್ಮ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ಹಿತ್ತಿಲಿಗೆ ಹೋಗಿಬಿಟ್ಟಳು. ಅಪ್ಪನಿಗೆ ಅದು ತಾಗಿತು. ಮರುದಿನವೇ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು, ನಾಲಿಗೆ ಹಿಡಿದು, ಹಿಂದೆ ಚಪ್ಪಾಳೆ ತಟ್ಟಿ ನೋಡಿ, ಏನೂ ತೊಂದರೆಯಿಲ್ಲ, ಕೆಲವು ಮಕ್ಕಳಿಗೆ ತಡ, ಇನ್ನೂ ಸ್ವಲ್ಪ ಕಾಲ ಕಾಯಿರಿ ಎಂದರು. ಅಜ್ಜಿ ಗೆದ್ದಳು. “ಹನುಮಪ್ಪ ಹೇಳಿದ್ದೂ ಅದ, ಡಾಕ್ಟರ್ ಹೇಳಿದ್ದೂ ಅದ. ಸುಮ್ನ ಆಟೋದಾಗ ಕೂಸಿನ್ನ ಕುಲುಕ್ಯಾಡಿಸಿಕೊಂಡು ಬಂದಿರಿ” ಅಂದಳು. ಅಮ್ಮನ ಮುಖ ನೋಡಬೇಕಿತ್ತು. ಏನಾದರೂ ರೋಗವಿದೆ ಅಂದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಏನೂ ಇಲ್ಲ, ಕಾಯಿರಿ ಎಂದರೆ ಯಾರ ಮೇಲೆ ಸಿಟ್ಟಾಗುವುದು?

ಆ ಹೊತ್ತಿಗೆ ಸರಿಯಾಗಿ ಚಿಪ್ಪಗಿರಿಯ ದೊಡ್ಡಪ್ಪ ಬಂದ. ಅಪ್ಪನ ದೊಡ್ಡಪ್ಪನ ಮಗ. ಎತ್ತಿನ ಹಲ್ಲಿನಿಂದ ಹಿಡಿದು ಕೋರ್ಟು ಕಟ್ಟಳೆಯವರೆಗೆ ಅವನಿಗೆ ತಿಳಿಯದ್ದಿಲ್ಲ. ಕೇಳದಿದ್ದರೂ ಹೇಳುತ್ತಿದ್ದ, ಹೇಳಿ ಉಂಡು ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಈರನ ಗದ್ದ ಹಿಡಿದು ಅವನೂ ಮಾತಾಡು ಅಂದು ನೋಡಿದ. ಆಮೇಲೆ ಅಡುಗೆಮನೆಯಲ್ಲಿ ಅಮ್ಮ ಬೆಕ್ಕಿಗೆ ತೆಲುಗಿನಲ್ಲಿ ಬೈಯುವುದನ್ನು ಕೇಳಿ, ಅಜ್ಜಿಯ ಕಡೆ ತಿರುಗಿ ತೊಡೆ ತಟ್ಟಿದ.

“ಸಿಕ್ತು ನೋಡು ಚಿಗವ್ವ! ಒಂದು ನೊಗಕ್ಕ ಒಂದು ಕಡಿ ಎತ್ತು, ಒಂದು ಕಡಿ ಎಮ್ಮಿ ಕಟ್ಟಿದ್ರ ಗಳೇವು ನಡೀತೈತೇನು? ಅತ್ಲಾಗ ಕನ್ನಡ, ಇತ್ಲಾಗ ತೆಲುಗು. ಕೂಸಿನ ನಾಲಿಗಿ ಯಾವ ಕಡಿ ಹೊಳ್ಳಬೇಕು? ನಡುವ ನಿಂತೈತಿ. ಮನಿಯಾಗ ಒಂದ ಭಾಷಿ ಮಾಡ್ರಿ, ಬರತಾವು ಮಾತು.”

ಆದೋನಿಯ ಓಣಿಯಲ್ಲಿ ಎರಡು ಮೂರು ಭಾಷೆ ಆಡದ ಮಗುವೇ ಇರಲಿಲ್ಲ. ನಾನೇ ಎದುರಿಗೆ ಕೂತು ಎರಡರಲ್ಲೂ ಜಗಳವಾಡುತ್ತಿದ್ದೆ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಾದು ಕಾದು ಸೋತವರಿಗೆ ಕೈಗೊಂದು ಕೆಲಸ ಬೇಕಿತ್ತು, ದೊಡ್ಡಪ್ಪ ಕೊಟ್ಟ. ಈರ ಬಾಯಿಬಿಡುವವರೆಗೆ ಹೊಸ್ತಿಲ ಒಳಗೆ ಕನ್ನಡ ಒಂದೇ ಎಂದು ಅಜ್ಜಿ ಸಾರಿದಳು. ಅಮ್ಮ ಏನಾದರೂ ಎದುರು ಹೇಳುತ್ತಾಳೆಂದು ನಾನು ಕಾದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹನುಮಪ್ಪನ ಗುಡಿಯ ದಿಕ್ಕಿಗೆ ಕೈಮುಗಿದು ಅಂದಳು:

“ಸರೇ ಅತ್ತಮ್ಮಾ. ವಾಡಿಕಿ ಮಾಟಲು ವಸ್ತೇ ಚಾಲು.”

ಅವನಿಗೆ ಮಾತು ಬಂದರೆ ಸಾಕು. ಆ ಮನೆಯಲ್ಲಿ ಅದೇ ಅವಳ ಕೊನೆಯ ತೆಲುಗು ಮಾತಾಯಿತು, ಬಹಳ ದಿನಗಳವರೆಗೆ.

ಆ ಕಟ್ಟಳೆ ಮುರಿಯದವರು ಯಾರು ಎಂದು ಕೇಳಿ. ಮೊದಲು ಮುರಿದವಳು ಸಾರಿದ ಅಜ್ಜಿಯೇ. ಅವಳು ಸಂತೆಯಲ್ಲಿ ಕಲಿತ ಲೆಕ್ಕ ತೆಲುಗಿನಲ್ಲೇ ಇತ್ತು. ಸೇರಿನಿಂದ ಜೋಳ ಅಳೆಯುವಾಗ “ಒಕಟಿ, ರೆಂಡು, ಮೂಡು” ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, ಜೋಳವನ್ನೆಲ್ಲ ಚೀಲಕ್ಕೆ ಸುರಿದು ಮತ್ತೆ ಅಳೆಯುತ್ತಿದ್ದಳು. ಅಪ್ಪ ಡಿಪೋದಿಂದ ಬರುವಾಗಲೇ ಬಾಯಲ್ಲಿ ತೆಲುಗು ತುಂಬಿಕೊಂಡು ಬರುತ್ತಿದ್ದ, ಹೊಸ್ತಿಲಲ್ಲಿ ನಿಂತು ನುಂಗುತ್ತಿದ್ದ. ನೆಂಟರು ಬಂದರೆ ನಾನು ಬಾಗಿಲಲ್ಲೇ ಪೊಲೀಸಿನವಳಂತೆ ಹೇಳಿ ಒಳಗೆ ಬಿಡಬೇಕಿತ್ತು. ಊಟದ ಹೊತ್ತಿಗೆ ಒಂದು ದಿನ ಬೇಳೆಗೆ “ಪಪ್ಪು” ಅನ್ನುವುದು ನಮ್ಮ ಮಾತೋ ಅವರ ಮಾತೋ ಎಂದು ಅಜ್ಜಿಗೂ ಅಪ್ಪನಿಗೂ ವಾದ ಹತ್ತಿ, ಅನ್ನ ಆರಿಹೋಗಿ, ಕೊನೆಗೆ ಅಜ್ಜಿ “ಅದರ ಹೆಸರ ಬ್ಯಾಡ, ಹಾಕು ಅಂದ್ರ ಸಾಕು” ಎಂದು ತೀರ್ಪು ಕೊಟ್ಟಳು. ನಾವೆಲ್ಲ ದಿನಕ್ಕೆ ಹತ್ತು ಸಲ ತಪ್ಪಿ ನಗುತ್ತಿದ್ದೆವು.

ತಪ್ಪದೆ ನಡೆದವಳು ಅಮ್ಮ ಒಬ್ಬಳೇ. ಅವಳಿಗೆ ಅದು ಕಟ್ಟಳೆಯಲ್ಲ, ವ್ರತ. ತನ್ನ ಬಾಯಿಂದ ಒಂದು ತೆಲುಗು ಮಾತು ಬಿದ್ದರೆ ಮಗನ ಮಾತು ಒಂದು ದಿನ ಹಿಂದಕ್ಕೆ ಹೋಗುತ್ತದೆಂದು ಅವಳು ನಂಬಿಬಿಟ್ಟಿದ್ದಳು. ಅವಳ ಕನ್ನಡವೋ ಮದುವೆಯಾದ ಮೇಲೆ ಕಲಿತದ್ದು, ಬಾ, ಹೋಗು, ಉಣ್ಣು, ಮಲಗು, ಅಷ್ಟಕ್ಕೇ ಮುಗಿಯುತ್ತಿತ್ತು. ಅದರಲ್ಲಿ ಬೆಕ್ಕಿಗೆ ಬೈಯಲು ಬರುತ್ತಿರಲಿಲ್ಲ. ಮಗನನ್ನು ಮುದ್ದಿಸಲು ಬರುತ್ತಿರಲಿಲ್ಲ. ಬಚ್ಚಲಲ್ಲಿ ನರಿಯ ಕತೆ ನಿಂತಿತು. ನಾನು ಹಟ ಹಿಡಿದಾಗ ಅವಳು ಶುರುಮಾಡಿದಳು, “ಒಂದು ನರಿ… ಇತ್ತು. ಬಾವಿ ಇತ್ತು,” ಎಂದು ತಡವರಿಸಿ, ತಲೆಯ ಮೇಲೆ ನೀರು ಸುರಿದಳು. ನಾನು ಕಿರುಚಲಿಲ್ಲ. ಈರನೂ ಕಿರುಚಲಿಲ್ಲ. ಬರುಬರುತ್ತಾ ಅಮ್ಮನ ಬಾಯಲ್ಲಿ “ಹೂಂ” ಒಂದೇ ಉಳಿಯಿತು. ಅದು ಎರಡು ಭಾಷೆಗೂ ಸಲ್ಲುತ್ತದಲ್ಲ, ವ್ರತಕ್ಕೆ ಭಂಗವಿಲ್ಲ. ಅಡುಗೆಮನೆಯಿಂದ ಒಲೆಯ ಸಪ್ಪಳ, ಬಳೆಯ ಸಪ್ಪಳ ಬರುತ್ತಿತ್ತು, ಅವಳ ಸಪ್ಪಳ ಬರುತ್ತಿರಲಿಲ್ಲ. ನನಗೆ ಆ ಮನೆಯಲ್ಲಿ ಇರಲು ಹೆದರಿಕೆಯಾಗತೊಡಗಿತು. ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯುತ್ತಿರಲಿಲ್ಲ. ಒಂದು ದಿನ ಅಜ್ಜಿಯ ಮೇಲೆ, ಒಂದು ದಿನ ಈರನ ಮೇಲೆ, ಒಂದು ದಿನ ಗುಡಿಯಲ್ಲಿ ಸಿಂಧೂರ ಬಳಿದುಕೊಂಡು ಆರಾಮಾಗಿ ನಿಂತ ಹನುಮಪ್ಪನ ಮೇಲೆ.

ಅಜ್ಜಿಯ ಮೇಲೂ ಪೂರ್ತಿ ಸಿಟ್ಟಾಗಲು ಆಗದಂತೆ ಒಂದು ಶನಿವಾರ ನಡೆಯಿತು. ಗಂಟೆ ನೀರು ಮುಗಿದು, ಪೂಜಾರಿ ಹೊರಗೆ ಕಾಯಿ ಒಡೆಯಲು ಹೋಗಿದ್ದ. ನಾನು ತಟ್ಟೆ ಮರೆತೆನೆಂದು ಹಿಂದಕ್ಕೆ ಓಡಿ ಬಂದರೆ, ಅಜ್ಜಿ ದೇವರೆದುರು ನಿಂತು ಪಕ್ಕದ ಮನೆಯವನಿಗೆ ಬೈಯುವಂತೆ ಬೈಯುತ್ತಿದ್ದಳು.

“ನಮ್ಮವ್ವಗೂ ಹಿಂಗ ತಡಿ ಅಂದಿ. ಆಕಿ ತಡದು ತಡದು ಸತ್ತಳು. ನಮ್ಮ ರಾಮಣ್ಣ ಬಾಯಿ ತೆರೀಲೇ ಇಲ್ಲ. ಈಗ ನನಗೂ ತಡಿ ಅಂತೀ. ನಾನು ಸೊಸಿಗೆ ಹೇಳಾಕತ್ತೀನಿ, ತಡಿ ತಡಿ ಅಂತ. ಯಾವ ಬಾಯಲೆ ಹೇಳಲಿ ಹೇಳು.”

ರಾಮಣ್ಣ ಅಜ್ಜಿಯ ತಮ್ಮ. ಪೆದ್ದಕಡುಬೂರಿನ ತವರುಮನೆಯಲ್ಲಿ ಹುಟ್ಟಿನಿಂದ ಸಾಯುವವರೆಗೆ ಮಾತಿಲ್ಲದೆ ಇದ್ದವನು ಎಂದು ಆಮೇಲೆ ಅಪ್ಪ ಹೇಳಿದ. ಅವನಿಗೂ ಇದೇ ಗಂಟೆ ನೀರು ಕುಡಿಸಿದ್ದರಂತೆ. ಹಾಗಾದರೆ ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತು, ಕಾದರೂ ಬರದೆ ಇರಬಹುದೆಂದು. ಗೊತ್ತಿದ್ದೂ ಮನೆಗೆ ಬಂದು ಅಷ್ಟು ಗಟ್ಟಿಯಾಗಿ “ಬರತಾವು” ಅನ್ನುತ್ತಿದ್ದಳು. ಅದು ನಂಬಿಕೆಯೋ ಸುಳ್ಳೋ? ಅವತ್ತು ನನ್ನ ತಲೆಯಲ್ಲಿ ಬಿದ್ದ ಆ ಗಂಟು ಇನ್ನೂ ಬಿಚ್ಚಿಲ್ಲ.

ಬಿಸಿಲು ಏರಿದ ಒಂದು ಮಧ್ಯಾಹ್ನ ಈರ ನಡುಮನೆಯ ಬಂಡೆಯ ಮೇಲೆ ಕೂತು ಖಾಲಿ ಡಬ್ಬಿಗಳನ್ನು ಜೋಡಿಸುತ್ತಿದ್ದ. ಅಜ್ಜಿ ಪಡಸಾಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು, ನಾನು ಅವಳ ಪಕ್ಕದಲ್ಲಿ. ಅಮ್ಮ ಅಡುಗೆಮನೆಯಿಂದ ಶೇಂಗಾ ಹುರಿದ ಬಾಣಲೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಬಂಡೆಯ ಸಂದಿಯಿಂದ ಎದ್ದ ಕರಿ ಚೇಳು ಕೊಂಡಿ ಎತ್ತಿಕೊಂಡು ಈರನ ಪಾದದ ಹತ್ತಿರ ಹೋಗುತ್ತಿತ್ತು. ಅಮ್ಮ ಬಾಯಿ ತೆರೆದದ್ದನ್ನು ನಾನು ನೋಡಿದೆ. ಬಾಯಿ ತೆರೆದಿದೆ, ಮಾತು ಬರುತ್ತಿಲ್ಲ. ಕನ್ನಡದ ಮಾತು ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. ಆಮೇಲೆ ಬಾಣಲೆ ಕೈಬಿಟ್ಟು, ಓಣಿಗೆ ಕೇಳುವಂತೆ ಚೀರಿದಳು:

“ಒರೇ ಈರಾ! ತೇಲು! ತೇಲುರಾ! ಕಾಲು ತಿಯ್ಯಿರಾ! ಇಕ್ಕಡ ದಾ!”

ಚೇಳು, ಕಾಲು ತೆಗೆ, ಇಲ್ಲಿ ಬಾ ಎಂದು. ಈರ ಕಾಲು ಎಳೆದುಕೊಂಡು ಒಂದೇ ಜಿಗಿತಕ್ಕೆ ಅವಳ ಸೀರೆಯೊಳಗೆ ಹೋಗಿ ಬಿದ್ದ. ಅಜ್ಜಿ ಎಲೆಅಡಿಕೆ ಕುಟ್ಟುವ ಕಲ್ಲಿನಿಂದಲೇ ಚೇಳನ್ನು ಮುಗಿಸಿದಳು. ಚೆಲ್ಲಿದ ಶೇಂಗಾದ ನಡುವೆ ಅಮ್ಮ ಕುಸಿದು ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದಳು. ಮಗ ಉಳಿದನೆಂದು ಅಳುತ್ತಿದ್ದಾಳೆ ಎಂದುಕೊಂಡೆ. ಅದಲ್ಲ, ವ್ರತ ಮುರಿಯಿತೆಂದು. ಇಷ್ಟು ದಿನ ಕಾಪಾಡಿದ್ದು ಒಂದೇ ಕೂಗಿಗೆ ಹೋಯಿತು, ದೇವರು ಕೊಡಲು ಬಂದವನು ಹೊಸ್ತಿಲಿನಿಂದ ಹಿಂದಿರುಗಿದ ಎಂದು. ಅಜ್ಜಿ ಕಲ್ಲು ಕೈಯಲ್ಲಿ ಹಿಡಿದೇ ಸೊಸೆಯ ಹತ್ತಿರ ಬಂದಳು. ಸೊಸೆಗೆ ಬೈಯುತ್ತಾಳೆಂದು ನಾನು ಹೆದರಿದೆ.

“ನಾಗವೇಣಿ, ಸಾಕು ಬಿಡವ್ವ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಇವತ್ತಿಂದ ನಿನ್ನ ಮಾತು ನೀ ಆಡು. ಎಂಥ ದೇವರವ್ವ ಅವ, ತಾಯಿ ಕೂಗಿದ್ರ ಸಿಟ್ಟಾಗಾಂವ?”

ಅಮ್ಮ ತಲೆ ಎತ್ತದೆ “ಹೂಂ” ಅಂದಳು.

ಕಟ್ಟಳೆ ಹೋಯಿತು, ಎಲ್ಲ ಮೊದಲಿನಂತಾಗುತ್ತದೆಂದು ಕುಣಿದೆ. ಆಗಲಿಲ್ಲ. ಅಮ್ಮನಿಗೆ ತೆಲುಗು ಬರಲಿಲ್ಲ. ಬಾಯಿಯ ತನಕ ಬಂದದ್ದು ಅಲ್ಲೇ ನಿಲ್ಲುತ್ತಿತ್ತು. ಹೆದರಿಕೆಯೋ, ರೂಢಿಯೋ, ದೇವರ ಮೇಲೆ ಮುನಿಸೋ, ಕೇಳಿದರೆ ಅದಕ್ಕೂ “ಹೂಂ.” ಅಪ್ಪ ಡಿಪೋದ ಸುದ್ದಿಯನ್ನೆಲ್ಲ ತೆಲುಗಿನಲ್ಲಿ ಹೇಳಿ ನೋಡಿದ. ಮಾವ ಬಂದು ತವರಿನ ಸುದ್ದಿ ಹೇಳಿದ. ಅಜ್ಜಿಯಂತೂ ತನ್ನ ಸಂತೆಯ ತೆಲುಗನ್ನು ತೆಗೆದು, “ಏಮಮ್ಮಾ, ಏಮಿ ವಂಟ?” ಏನಮ್ಮಾ, ಏನಡುಗೆ ಎಂದು ಗಿರಾಕಿಯನ್ನು ಕರೆದಂತೆ ಸೊಸೆಯನ್ನು ಮಾತಾಡಿಸುತ್ತಿದ್ದಳು. ಬೇರೆ ದಿನವಾಗಿದ್ದರೆ ಅಮ್ಮ ಬಿದ್ದು ಬಿದ್ದು ನಗುತ್ತಿದ್ದಳು. ಅಜ್ಜಿ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಅಡುಗೆಮನೆಯ ಕಡೆ ನೋಡುತ್ತಾ ಕೂರುತ್ತಿದ್ದಳು. ಮೊಮ್ಮಗನ ಚಿಂತೆ ಅವಳಿಗೆ ಮರೆತೇ ಹೋದಂತಿತ್ತು. ಒಂದು ಶುಕ್ರವಾರ ನನ್ನ ಕೂದಲು ಬಾಚುತ್ತಾ ಮೆಲ್ಲಗೆ ಅಂದಳು:

“ಕೂಸಿಗೆ ಇಲ್ಲದ್ದು ಕೇಳಾಕ ಹೋಗಿ, ಇದ್ದಾಕಿದೂ ಕಳಕೊಂಡ್ವಲ್ಲ ಪದ್ದಿ.”

ಮರುದಿನ ಗುಡಿಗೆ ಹೊರಟಾಗ ಅಜ್ಜಿ ಅಮ್ಮನನ್ನೂ ಕೈಹಿಡಿದು ಎಬ್ಬಿಸಿಕೊಂಡು ಬಂದಳು. ಒಲೆಯ ಮೇಲೆ ಉಗ್ಗಾಣಿಗೆ ಒಗ್ಗರಣೆ ಹಾಕಿದ್ದು ಹಾಗೆಯೇ ಇತ್ತು. ಗುಡಿಯಲ್ಲಿ ಪೂಜಾರಿ ಎಂದಿನಂತೆ ಕೈಗಂಟೆ ತಿರುವಿ, ನೀರು ತುಂಬಿ, ಈರನ ಕಡೆ ಬಾಗಿದ. ಅಜ್ಜಿ ಅವನ ಮೊಣಕೈ ಹಿಡಿದಳು.

“ಅವಗಲ್ಲ. ಮೊದಲ ಅವರವ್ವಗ ಕೊಡು.”

“ದೊಡ್ಡವರಿಗೆ ಇದನ್ನ ಕೊಡಂಗಿಲ್ಲ ಬೇ. ಮಾತು ಬರಲಾರದ ಕೂಸಿಗೆ ಇದು.”

“ಈಕಿ ಮಾತೂ ಹೋಗ್ಯಾವು. ಕೊಡು.”

“ಪದ್ಧತಿ ಇಲ್ಲ…”

“ದೇವರು ಕೊಟ್ಟರೂ ಪೂಜಾರಿ ಕೊಡ ಅಂತ ಸುಮ್ನ ಅಂದಾರೇನು? ಹನುಮಪ್ಪ ನಿನ್ನ ಕಿವ್ಯಾಗ ಬಂದು ಬ್ಯಾಡ ಅಂದಾನೇನು? ಕೊಡಪ್ಪಾ, ನಿನ್ನ ಕೈ ಮುಗೀತೀನಿ.”

ಅಜ್ಜಿ ಮನುಷ್ಯರಿಗೆ ಕೈಮುಗಿದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಪೂಜಾರಿಯೂ ನೋಡಿರಲಿಲ್ಲ ಎಂದು ಕಾಣುತ್ತದೆ. ತಬ್ಬಿಬ್ಬಾಗಿ ಗಂಟೆಯನ್ನು ಅಮ್ಮನ ಕಡೆ ತಿರುಗಿಸಿದ. ಅಮ್ಮ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದಳು. ಅರ್ಧ ನೀರು ಒಳಗೆ ಹೋಯಿತು, ಅರ್ಧ ಗದ್ದದ ಮೇಲಿಂದ ಕುತ್ತಿಗೆಗೆ ಇಳಿಯಿತು. ಈರ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಮುಂದೆ ಏನು ಆಗಬೇಕೆಂದು ಅಲ್ಲಿದ್ದವರಲ್ಲಿ ಅವನಷ್ಟು ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಶನಿವಾರ ಶನಿವಾರ ಅವನ ಮೇಲೆ ನಡೆದದ್ದೇ ಅದು. ನೀರು ಕುಡಿಸಿದ ಮೇಲೆ ಯಾರಾದರೂ ಗದ್ದ ಹಿಡಿಯಬೇಕು. ಅಜ್ಜಿ ಹಿಡಿಯಲಿಲ್ಲ, ಸೊಸೆಯ ಗದ್ದ ಹಿಡಿಯಲು ಅವಳಿಗೆ ಸಂಕೋಚ. ಪೂಜಾರಿ ಹಿಡಿಯುವಂತಿಲ್ಲ. ಈರ ನಮ್ಮೆಲ್ಲರನ್ನೂ ಒಂದು ಸಲ ನೋಡಿ, ಅಮ್ಮನ ಎದುರು ಬಂದು, ಎರಡು ಬೆರಳಿನಿಂದ ಅವಳ ಒದ್ದೆ ಗದ್ದವನ್ನು ಎತ್ತಿ, ಮುಖದ ಹತ್ತಿರ ಮುಖ ತಂದ.

“ಮಾತಾಡು,” ಅಂದ.

ದನಿ ಸ್ವಲ್ಪ ಒರಟಾಗಿತ್ತು, ಬಳಸದೆ ಇಟ್ಟ ಬಾಗಿಲು ತೆರೆದ ಹಾಗೆ. ಅಮ್ಮ ಕಣ್ಣು ಬಿಟ್ಟಳು. ಅವನಿಗೆ ತಡವೆನ್ನಿಸಿತೇನೋ, ಗದ್ದ ಅಲುಗಿಸಿದ.

“ಮಾತಾಡು!”

“ಏಮಿ ಮಾಟ್ಲಾಡಾಲ್ರಾ ನಾಯನಾ?” ಅಂದಳು ಅಮ್ಮ. “ಏಮಿ ಮಾಟ್ಲಾಡಾಲ? ಏಮಿ ಚೆಪ್ಪಾಲ ನೀಕು?”

ಏನು ಮಾತಾಡಲಿ, ಏನು ಹೇಳಲಿ ನಿನಗೆ ಎಂದು ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ. ಅವನನ್ನು ಎತ್ತಿಕೊಂಡು ಗುಡಿಯ ಕಟ್ಟೆಯ ಮೇಲೆ ಕೂತು ಶುರುಮಾಡಿದಳು ನೋಡಿ. ಮೊದಲು ಚಿಪ್ಪಗಿರಿಯ ದೊಡ್ಡಪ್ಪನಿಗೆ ಬೈದಳು, ಅವನ ಎತ್ತಿಗೆ, ಅವನ ಎಮ್ಮೆಗೆ, ಅವನ ನೊಗಕ್ಕೆ. ಆಮೇಲೆ ಅಪ್ಪನ “ಸರೇ”ಗೆ ಬೈದಳು. ಅಜ್ಜಿಗೆ ಎದುರಿಗೇ ಬೈದಳು, ಹನುಮಪ್ಪನನ್ನೂ ಬಿಡಲಿಲ್ಲ. ಬೈದು ಬೈದು ನಕ್ಕಳು, ನಗುತ್ತಲೇ ಅತ್ತಳು, ಅಳುತ್ತಲೇ ನರಿಯ ಕತೆಯನ್ನು ಬಾವಿಯ ತನಕ ತಂದಳು. ಅಲ್ಲಿ ತಂಬಿಗೆ ಇರಲಿಲ್ಲ. ಈರ ತಾನೇ ತಲೆ ಮುಚ್ಚಿಕೊಂಡು ಕಿರುಚಿದ. ಅವನು ಅವಳನ್ನು ಅಮ್ಮಾ ಎಂದು ಕರೆದದ್ದು ಅದಾದ ಎಷ್ಟೋ ದಿನಗಳ ಮೇಲೆ, ಅದೂ ಸಿಟ್ಟಿನಲ್ಲಿ, ಉಗ್ಗಾಣಿಗೆ ಖಾರ ಹೆಚ್ಚಾಯಿತೆಂದು.

ಈಗ ಅವನ ಕೈಗೆ ಫೋನ್ ಸಿಕ್ಕರೆ ಕಿವಿಯಿಂದ ಕೆಳಗಿಡುವುದಿಲ್ಲ. ಗಂಟೆ ನೀರಿನ ಸುದ್ದಿ ತೆಗೆದರೆ, “ಎಲ್ಲಾ ನೀನ ಕಟ್ಟಿದ ಕತಿ ಅಕ್ಕ” ಅನ್ನುತ್ತಾನೆ. ಅಮ್ಮನಿಗೆ ವಯಸ್ಸಾಗಿದೆ. ಮೊನ್ನೆ ಅವಳ ಪಕ್ಕ ಕೂತು ಕೇಳಿದೆ: ದೇವರೇ ತಡ ಮಾಡಿದನೇ, ನಾವೇ ತಡ ಮಾಡಿದೆವೇ? ನಿನ್ನ ಬಾಯಿ ಮುಚ್ಚಿಸದಿದ್ದರೆ ಅವನು ಮೊದಲೇ ಮಾತಾಡುತ್ತಿದ್ದನೇ, ಅಥವಾ ನಿನ್ನ ಬಾಯಿ ಮುಚ್ಚಿದ್ದರಿಂದಲೇ ಅವನಿಗೆ ಮಾತಾಡಬೇಕೆನ್ನಿಸಿತೇ?

“ಏಮೋ ತಲ್ಲೀ,” ಅಂದಳು, ಯಾರಿಗೆ ಗೊತ್ತು ತಾಯಿ ಎಂದು. “ಆ ನೀರು ಹಿತ್ತಾಳಿ ವಾಸನಿ ಇತ್ತು. ಅದೊಂದು ನೆನಪೈತಿ.”

ನನಗೆ ನೆನಪಿರುವುದು ಇನ್ನೊಂದು. ಅವತ್ತು ಹೊರಗೆ ಕಟ್ಟೆಯ ಮೇಲೆ ಓಣಿಯ ಜನವೆಲ್ಲ ಸೇರಿ ಗದ್ದಲವಾಗಿದ್ದಾಗ, ಅಜ್ಜಿ ಕಾಣುತ್ತಿಲ್ಲವೆಂದು ನಾನು ಒಳಗೆ ಹೋದೆ. ಅವಳು ದೇವರೆದುರು ಒಬ್ಬಳೇ ನಿಂತಿದ್ದಳು. ಬೈಯುತ್ತಿರಲಿಲ್ಲ. ದನಿ ತೀರಾ ಸಣ್ಣದಾಗಿತ್ತು.

“ಹೊತ್ತು ನೋಡಿ ಕೊಟ್ಟಿ ಹನುಮಪ್ಪಾ. ಇಲ್ಲ ಅನ್ನಂಗಿಲ್ಲ.” ಆಮೇಲೆ ಕೇಳಿದಳು: “ನಮ್ಮ ರಾಮಣ್ಣನ ಹೊತ್ತು ಯಾವುದಿತ್ತಪಾ?”

ಪೂಜಾರಿ ತೀರ್ಥದ ಬಟ್ಟಲು ತಂದು ಎದುರಿಗೆ ಹಿಡಿದ. ಅಜ್ಜಿ ಕೈ ಚಾಚಲಿಲ್ಲ. ದೇವರ ಮುಖವನ್ನೇ ನೋಡುತ್ತಾ ನಿಂತಳು. ಪೂಜಾರಿಯೂ ನಿಂತ, ನಾನೂ ನಿಂತೆ. ಕಾಯುವುದೆಂದರೆ ಆಗದ ನಾನು ಅವತ್ತು ಅಲುಗಾಡಲಿಲ್ಲ, ಏನಾದರೂ ಕೇಳಿಸುತ್ತದೆಯೇ ಎಂದು. ಹೊರಗಿನಿಂದ ಅಮ್ಮನ ತೆಲುಗು ಕೇಳಿಸುತ್ತಿತ್ತು, ಅಷ್ಟೇ. ಬಹಳ ಹೊತ್ತಿನ ಮೇಲೆ ಅಜ್ಜಿ ಬಲಗೈ ಚಾಚಿ, ತೀರ್ಥ ಕುಡಿದು, ಒದ್ದೆ ಕೈಯನ್ನು ತನ್ನ ತಲೆಗೆ ಒರೆಸಿಕೊಂಡು, ಉಳಿದ ಪಸೆಯನ್ನು ನನ್ನ ತಲೆಗೆ ಒರೆಸಿದಳು.

“ನಡಿ,” ಅಂದಳು. “ಒಗ್ಗರಣಿ ಹಂಗ ಬಿಟ್ಟು ಬಂದಾಳ ನಿಮ್ಮವ್ವ.”